ಕಾಡತೂಸು ಸಿಗೂದಿಲ್ಲಂತ ನಳಿಗಿ ಕೊರಸಬ್ಯಾಡ್ರಿ!

"ಅಜ್ಜನ ಕಾಲದ ಬಂದೂಕ ಐತ್ರಿ, ಕಾಡತೂಸ ಮಾತ್ರ ಸಿಗವಲ್ದು." ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹಳೇ ಲೈಸೆನ್ಸುದಾರರ ಬಾಯಲ್ಲಿ ಈ ಮಾತು ಹೊಸದಲ್ಲ. ಇದಕ್ಕೆ ಪುಕ್ಕಟೆ ಸಲಹೆ ಕೊಡುವವರಿಗೂ ಬರವಿಲ್ಲ. "ಲೇಥ್ ಮಶೀನಿಗೆ ಹಚ್ಚಿ ನಳಿಗಿ ಒಂಚೂರು ಕೊರಸ್ರಿ, ಸಿಗೂ ಕಾಡತೂಸು ಹಾಕ್ರಿ, ಮುಗೀತು" ಎನ್ನುತ್ತಾರೆ. ಮುಗಿಯುವುದು ನಿಜ. ಏನು ಮುಗಿಯುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಈ ಸೀಮೆಗೆ ಬಂದೂಕು ಹೊಸದೇನಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆ ಸತ್ತುಬಿದ್ದ; ಅದು ಅಮಟೂರು ಬಾಳಪ್ಪನ ಗುಂಡು ಎಂದು ಮಂದಿ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. 1857ರಲ್ಲಿ ಮುಧೋಳ ಸೀಮೆಯ ಹಲಗಲಿ ಬೇಡರು ಹತಾರ ಒಪ್ಪಿಸುವುದಿಲ್ಲವೆಂದು ಇಂಗ್ಲಿಷರಿಗೇ ತಿರುಗಿಬಿದ್ದರು. ಆ ಕಾಲದ ಬಂದೂಕಿಗೆ ಮದ್ದು ತುಂಬುವುದು ಬಾಯಿಯಿಂದ. ಮದ್ದು ಸುರಿದು, ಸೀಸದ ಗುಂಡು ಹಾಕಿ, ಗಜದಿಂದ ಜಡಿದರೆ ಆಯಿತು. ಗುಂಡನ್ನು ಮನೆಯಲ್ಲೇ ಎರಕ ಹೊಯ್ಯಬಹುದಿತ್ತು. ಕೆಟ್ಟರೆ ಊರ ಕಮ್ಮಾರನೇ ಡಾಕ್ಟರ್.

ಹಿತ್ತಾಳೆಯ ಕಾಡತೂಸು ಬಂದ ಮೇಲೆ ಆ ಸಲಿಗೆ ಹೋಯಿತು. ಗುಂಡು, ಮದ್ದು, ಕೇಪು ಮೂರೂ ಒಂದೇ ಕೊಳವೆಯಲ್ಲಿ. ಆ ಕೊಳವೆ ಕೂಡುವ ನಳಿಗೆಯ ಬುಡ ಅದೊಂದಕ್ಕೇ ಅಳೆದು ಮಾಡಿದ್ದು.

ಒಂದೇ ನಂಬರು, ಬ್ಯಾರೆ ಜೋರು

ಇಂಗ್ಲಿಷ್ ಸಿನಿಮಾದ ಕೌಬಾಯ್ ಕೈಯಲ್ಲಿ, ಕೆಳಗಿನ ಕೊಂಡಿ ಎಳೆದು ಗುಂಡು ಏರಿಸುವ ಬಂದೂಕನ್ನು ಎಲ್ಲರೂ ನೋಡಿದ್ದಾರೆ. ಅಮೆರಿಕದ ವಿಂಚೆಸ್ಟರ್ ಕಂಪನಿಯ 1873ರ ಮಾದರಿ ಇದರಲ್ಲಿ ಹೆಸರುವಾಸಿ. ಅದರ ಕಾಡತೂಸಿಗೆ .44-40 ಎಂದು ಹೆಸರು. ಮುಂದೆ 1950ರ ದಶಕದಲ್ಲಿ .44 ಮ್ಯಾಗ್ನಮ್ ಬಂತು. ಎರಡರಲ್ಲೂ 44 ಇದೆ, ಗುಂಡಿನ ಗಾತ್ರವೂ ಹತ್ತಿರ ಹತ್ತಿರ. ಆದರೆ ಹೊಸದರ ಒತ್ತಡ ಹಳೆಯದರ ಸುಮಾರು 3 ಪಟ್ಟು! ಆ ಜೋರೆಲ್ಲ ಬೀಳುವುದು ನಳಿಗೆಯ ಬುಡಕ್ಕೆ, ಕೊಂಡಿಯ ಬೀಗಕ್ಕೆ. ತಡೆಯದಿದ್ದರೆ ಒಡೆದ ಉಕ್ಕು ಹಾರುವುದು ಹೊಡೆದವನ ಕಣ್ಣಿಗೆ, ಮುಖಕ್ಕೆ.

ಇನ್ನೊಂದು ತೊಡಕೂ ಉಂಟು. ಇಂಥ ಬಹಳಷ್ಟು ಬಂದೂಕುಗಳಲ್ಲಿ ನಳಿಗೆಯ ಕೆಳಗೊಂದು ಕೊಳವೆ. ಕಾಡತೂಸುಗಳು ಅದರಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿಯೇ ಇರುತ್ತದೆ. ಅದಕ್ಕೇ ಮೊಂಡು ಮೂತಿಯ ಗುಂಡು. ಚೂಪು ಮೂತಿಯದನ್ನು ತುಂಬಿದರೆ ಒಂದು ಧಕ್ಕೆಗೆ ಕೊಳವೆಯಲ್ಲೇ ಸ್ಫೋಟವಾಗಬಹುದು.

ಕಾರ್ಖಾನೆಯವರು ಹೊಸ ಬಂದೂಕಿಗೆ ಮಾಮೂಲಿಗಿಂತ ಹೆಚ್ಚು ಮದ್ದಿನ ಕಾಡತೂಸು ಹಾರಿಸಿ, ತಡೆದರೆ ಮಾತ್ರ ಮುದ್ರೆ ಒತ್ತುತ್ತಾರೆ. ಆ ಮುದ್ರೆ ಆ ಒಂದು ಕಾಡತೂಸಿಗೇ ಸಾಕ್ಷಿ. ನಳಿಗೆ ಕೊರೆದ ಮೇಲೆ ಮುದ್ರೆ ಉಳಿದೀತು, ಭರವಸೆ ಉಳಿಯದು.

ಸರಕಾರ ಮಾಡಿಲ್ಲವೇ?

ಮಾಡಿದೆ. ಬಂಗಾಳದ ಇಷಾಪುರ ಸರಕಾರಿ ಕಾರ್ಖಾನೆಯಲ್ಲಿ .303 ರೈಫಲ್ಲುಗಳ ನಳಿಗೆ ಕೊರೆದು, ಪೊಲೀಸರಿಗೆ, ಕಾವಲುಗಾರರಿಗೆ .410 ಬಂದೂಕು ಮಾಡಿಕೊಟ್ಟರು. ಕಳುವಾದರೂ ಅದರಲ್ಲಿ ಸೈನ್ಯದ ಕಾಡತೂಸು ನಡೆಯಬಾರದೆಂಬುದು ಅದರ ಹಿಂದಿನ ಲೆಕ್ಕ. ಅದಕ್ಕೂ ಮೊದಲು, 1907ರಲ್ಲಿ, ಇಂಗ್ಲಿಷ್ ಸರಕಾರ ಭಾರತದಲ್ಲಿ .450 ರೈಫಲ್ಲಿಗೆ ನಿಷೇಧ ಹಾಕಿದಾಗ ವಿಲಾಯತಿ ಕಂಪನಿಗಳು .465, .470 ಎಂಬ ಹೊಸ ಅಳತೆಗಳನ್ನೇ ತಂದವು. ಅಳತೆ ಬದಲಾಯಿಸಲು ಕಾರ್ಖಾನೆಯೇ ಬೇಕಾಯಿತು.

ಕಾಯದೆ ಏನನ್ನುತ್ತದೆ?

1980ರ ದಶಕದಲ್ಲಿ ವಿದೇಶಿ ಬಂದೂಕಿನ ಆಮದಿಗೆ ಕಡಿವಾಣ ಬಿದ್ದ ಮೇಲೆ ಹಳೇ ಪರದೇಶಿ ರೈಫಲ್ಲುಗಳ ಪಾಡು ಕೇಳುವವರಿಲ್ಲ. ದೇಶದಲ್ಲಿ ತಯಾರಾಗುವ 12 ಬೋರ್, .315 ಕಾಡತೂಸಿನ ಮೇಲೆ ಕಣ್ಣು ಬೀಳುವುದು ಇದರಿಂದಲೇ. ಆದರೆ ಬಂದೂಕಿನ ನಂಬರು, ಬೋರು ಎರಡೂ ಲೈಸೆನ್ಸಿನಲ್ಲಿ ಬರೆದಿರುತ್ತವೆ. ಬೋರು ಬದಲಾದರೆ ಕೈಯಲ್ಲಿರುವುದು ಲೈಸೆನ್ಸಿಲ್ಲದ ಬಂದೂಕು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಹೋದರೆ ಗುಟ್ಟು ಅಲ್ಲೇ ರಟ್ಟು.

1959ರ ಶಸ್ತ್ರಾಸ್ತ್ರ ಕಾಯದೆಯ ಪ್ರಕಾರ, ಬಂದೂಕು ಮಾರ್ಪಡಿಸುವ ಕೆಲಸಕ್ಕೂ ರಿಪೇರಿಗೂ ಬೇರೆಯೇ ಲೈಸೆನ್ಸು ಬೇಕು. 2019ರ ತಿದ್ದುಪಡಿಯ ನಂತರ, ಲೈಸೆನ್ಸಿಲ್ಲದೆ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸಿದರೆ ಕನಿಷ್ಠ 7 ವರ್ಷ ಜೈಲು, ಹೆಚ್ಚೆಂದರೆ ಜೀವಾವಧಿ. ಲೇಥ್ ಮಶೀನಿನವನು "ನಂಗೇನು ಗೊತ್ತಿತ್ರಿ ಸಾಹೇಬ್ರ" ಅಂದರೂ ಫೌಜದಾರರು ಕೇಳುವುದಿಲ್ಲ.

ಇಷ್ಟು ಕಷ್ಟಪಟ್ಟು ಹೊಡೆಯುವುದಾದರೂ ಏನನ್ನು? 1972ರ ವನ್ಯಜೀವಿ ಕಾಯದೆಯ ನಂತರ ಶಿಕಾರಿಯ ಮಾತೇ ಇಲ್ಲ. ಬೆಳೆ ಕಾಯಲೆಂದು ಕಾಯದೆ ಹೆಸರಿಸಿದ್ದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು, ರೈಫಲ್ಲನ್ನಲ್ಲ.

ಹಾಗಾದರೆ ಅಜ್ಜನ ಬಂದೂಕಿಗೆ ಗತಿ? ಹಿರಿಯರಿಂದ ಬಂದದ್ದೂ ಸೇರಿ ಈಗ ಒಬ್ಬರಿಗೆ 2 ಬಂದೂಕು ಮಾತ್ರ. ಆ ಲೆಕ್ಕದೊಳಗಿದ್ದರೆ ಡಿ.ಸಿ. ಕಚೇರಿಯಲ್ಲಿ ವಾರಸಾ ಲೈಸೆನ್ಸಿಗೆ ಅರ್ಜಿ ಕೊಟ್ಟು, ಇದ್ದ ರೂಪದಲ್ಲೇ ಇಟ್ಟುಕೊಳ್ಳಬಹುದು. ಬೇಡವೆಂದರೆ ಲೈಸೆನ್ಸುಳ್ಳ ವ್ಯಾಪಾರಿಗೆ ಮಾರಬಹುದು, ಇಲ್ಲವೇ ಠಾಣೆಗೆ ಜಮಾ ಮಾಡಿ ರಸೀದಿ ಪಡೆಯಬಹುದು. ಬೈಲಹೊಂಗಲದಿಂದ ಬೆಳಗಾವಿಗೆ ಬಸ್ಸಿನ ಚಾರ್ಜು ಕಣ್ಣಿನ ಆಪರೇಶನ್ನಿಗಿಂತ ಸೋವಿ.