ಗಿರಣಿ ನಿಂತ ಮೇಲೆ ನಗರ ಬದುಕಿದ ಬಗೆ

ಒಂದು ಊರಿನ ಜೀವ ಅದರ ನಡುಪೇಟೆಯಲ್ಲಿರುತ್ತದೆ. ಹೊರವಲಯದಲ್ಲಿ ಎಷ್ಟೇ ಬಡಾವಣೆಗಳು ಬೆಳೆಯಲಿ, ಮದುವೆಯ ಜವಳಿಗೆ, ಹಬ್ಬದ ಸಾಮಾನಿಗೆ, ನಾಲ್ಕು ಜನರ ಮುಖ ನೋಡಿ ಮಾತನಾಡುವುದಕ್ಕೆ ಜನರು ಪೇಟೆಗೇ ಬರಬೇಕು. ಆದರೆ ಆ ಪೇಟೆಗೆ ಅನ್ನವಿಕ್ಕುತ್ತಿದ್ದ ಉದ್ಯಮವೇ ನಿಂತುಹೋದರೆ ಊರಿನ ಗತಿಯೇನು? ಸಂಬಳದ ದಿನ ಕಿಕ್ಕಿರಿಯುತ್ತಿದ್ದ ಬಟ್ಟೆಯಂಗಡಿ, ಖಾನಾವಳಿ, ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಓದಿದ ಮಕ್ಕಳು ದೂರದ ನಗರಗಳಿಗೆ ಹೊರಡುತ್ತಾರೆ. ಹತ್ತಿಯ ಗಿರಣಿಗಳ ವೈಭವವನ್ನೂ ಅವುಗಳ ಮೌನವನ್ನೂ ಕಂಡಿರುವ ದಾವಣಗೆರೆ, ಹುಬ್ಬಳ್ಳಿಯ ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಸಂಕಟಕ್ಕೆ ಸಿಲುಕಿ, ಅರ್ಧ ಶತಮಾನ ಬಳಲಿ, ಬಳಿಕ ಮೆಲ್ಲಗೆ ಎದ್ದು ನಿಂತ ನಗರವೊಂದರ ಕಥೆ ನಮ್ಮ ಓದುಗರಿಗೆ ತಿಳಿದಿರಬೇಕು. ಅದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್.

ನೀರಿನ ಬಲದ ಮೇಲೆ ಹುಟ್ಟಿದ ಊರು

ಬಾಸ್ಟನ್ ಮಹಾನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮೆರಿಮ್ಯಾಕ್ ನದಿ ಪಾಟಕೆಟ್ ಎಂಬಲ್ಲಿ 32 ಅಡಿ ಕೆಳಗಿಳಿಯುತ್ತದೆ. ಈ ಇಳಿತವೇ ಲೋವೆಲ್ ನಗರಕ್ಕೆ ಮೂಲಧನ. ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಎಂಬ ಬಾಸ್ಟನ್ನಿನ ವರ್ತಕನು 1810ರಿಂದ 1812ರವರೆಗೆ ಬ್ರಿಟನ್ನಿನಲ್ಲಿದ್ದು ಅಲ್ಲಿಯ ಯಂತ್ರಮಗ್ಗಗಳನ್ನು ಸೂಕ್ಷ್ಮವಾಗಿ ಗಮನಿಸಿದನು. ಅವುಗಳ ನಕ್ಷೆಯನ್ನು ದೇಶದಿಂದ ಹೊರಗೆ ಒಯ್ಯಲು ಅಲ್ಲಿಯ ಕಾನೂನು ಬಿಡುತ್ತಿರಲಿಲ್ಲ. ಆದುದರಿಂದ ಅವನು ಕಂಡುದನ್ನೆಲ್ಲ ನೆನಪಿನಲ್ಲಿಟ್ಟುಕೊಂಡು ಸ್ವದೇಶಕ್ಕೆ ಮರಳಿದನು. 1817ರಲ್ಲಿ ಅವನು ಕಾಲವಾದ ಮೇಲೆ ಅವನ ಪಾಲುದಾರರು ಮೆರಿಮ್ಯಾಕ್ ತೀರದಲ್ಲಿ ಗಿರಣಿ ಕಟ್ಟಿ, 1823ರಲ್ಲಿ ಬಟ್ಟೆ ನೇಯಿಸಲಾರಂಭಿಸಿದರು. 1826ರಲ್ಲಿ ಅವನ ಹೆಸರಿನಲ್ಲೇ ಊರು ಸ್ಥಾಪಿತವಾಗಿ 1836ರಲ್ಲಿ ನಗರವೆನಿಸಿತು. ನದಿಯ ನೀರನ್ನು ಗಿರಣಿಗಳಿಗೆ ಹಂಚಲು ಊರೊಳಗೆ ಸುಮಾರು 9 ಕಿಲೋಮೀಟರ್ ಉದ್ದದ ಕಾಲುವೆಗಳನ್ನು ತೋಡಲಾಯಿತು.

ಈ ನಗರದ ಏಳಿಗೆಗೂ ನಮ್ಮ ನಾಡಿನ ನೇಕಾರರಿಗೂ ಒಂದು ನಂಟಿದೆ. ಆ ಕಾಲದಲ್ಲಿ ಭಾರತದ ಅಗ್ಗದ ಹತ್ತಿಬಟ್ಟೆ ಅಮೆರಿಕದಲ್ಲಿ ಧಾರಾಳವಾಗಿ ಮಾರಾಟವಾಗುತ್ತಿತ್ತು. 1816ರ ಸುಂಕದ ಕಾಯಿದೆಯು ಹೊರಗಿನಿಂದ ಬರುವ ಹತ್ತಿಬಟ್ಟೆಯ ಬೆಲೆ ಎಷ್ಟೇ ಕಡಿಮೆಯಿರಲಿ, ಗಜಕ್ಕೆ 25 ಸೆಂಟು ಎಂದೇ ಎಣಿಸಿ ಅದರ ಮೇಲೆ ಸುಂಕ ಹಾಕಿತು. ಅಗ್ಗದ ಬಟ್ಟೆಗೆ ಇದು ಹೊರಲಾರದ ಹೊರೆಯಾಯಿತು. ಈ ಕಾಯಿದೆಗಾಗಿ ಲೋವೆಲ್ ತಾನೇ ಓಡಾಡಿದ್ದನು. ಇತ್ತ 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಹತ್ತಿಬೀಜವನ್ನು ಧಾರವಾಡದ ಕರಿಮಣ್ಣಿಗೆ ತಂದು ಬಿತ್ತಿಸಿದರು. ಅದು ‘ಧಾರವಾಡ-ಅಮೆರಿಕನ್’ ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ದಕ್ಷಿಣದ ಅರಳೆ ಬಾರದೆ ಲೋವೆಲ್ಲಿನ ಗಿರಣಿಗಳು ಸ್ತಬ್ಧವಾದವು. ಅದೇ ವೇಳೆ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಒಂದು ಊರಿನ ಮಗ್ಗ ನಿಂತಾಗ ಇನ್ನೊಂದು ಸೀಮೆಯ ಕಣಜ ತುಂಬಿತು.

ಏರಿದ ಬಗೆ, ಇಳಿದ ಬಗೆ

ಮೊದಲು ಗಿರಣಿಗಳಲ್ಲಿ ದುಡಿದವರು ಸುತ್ತಲಿನ ಹಳ್ಳಿಗಳ ಒಕ್ಕಲು ಮನೆಗಳ ಹೆಣ್ಣುಮಕ್ಕಳು. ಅವರ ವಸತಿಗೆ ಕಂಪನಿಗಳೇ ಮನೆಗಳನ್ನು ಕಟ್ಟಿಸಿದ್ದವು. ಗಂಟೆಯ ಸದ್ದಿಗೆ ಎದ್ದು ಗಂಟೆಯ ಸದ್ದಿಗೆ ಮಲಗುವ ಬದುಕು ಅವರದು. ಆದರೂ 1840ರ ದಶಕದಲ್ಲಿ ಅವರು ತಮ್ಮದೇ ಬರಹಗಳ ಪತ್ರಿಕೆಯೊಂದನ್ನು ಹೊರತಂದರು. ಕೂಲಿ ಕಡಿತವಾದಾಗ, ವಸತಿಯ ದರ ಏರಿದಾಗ 1834 ಮತ್ತು 1836ರಲ್ಲಿ ಕೆಲಸ ಬಿಟ್ಟು ಬೀದಿಗಿಳಿದರು. ಅವರ ಬಳಿಕ ಐರಿಷರು, ಕೆನಡಾದ ಫ್ರೆಂಚರು, ಗ್ರೀಕರು, ಪೋಲರು, ಪೋರ್ಚುಗೀಸರು ಸಾಲುಸಾಲಾಗಿ ಬಂದು ನೆಲೆಸಿದರು.

1920ರಲ್ಲಿ ಲೋವೆಲ್ಲಿನ ಜನಸಂಖ್ಯೆ 1,12,759. ಇಳಿತ ಆರಂಭವಾದುದು ಅಲ್ಲಿಂದಲೇ. ಅಗ್ಗದ ಕೂಲಿ, ಹೊಸ ಯಂತ್ರಗಳು, ಹತ್ತಿ ಬೆಳೆಯುವ ಹೊಲಗಳ ಸಾಮೀಪ್ಯ ಇವುಗಳನ್ನರಸಿ ಬಂಡವಾಳವು ದಕ್ಷಿಣದ ರಾಜ್ಯಗಳಿಗೆ ಹರಿಯಿತು. ಗಿರಣಿಯ ಒಡೆಯರು ಲಾಭವನ್ನು ಹಂಚಿಕೊಂಡರೇ ಹೊರತು ಯಂತ್ರಗಳನ್ನು ಹೊಸದಾಗಿಸಲಿಲ್ಲ. 1950ರ ದಶಕದ ಹೊತ್ತಿಗೆ ದೊಡ್ಡ ಗಿರಣಿಗಳು ಬಹುತೇಕ ಮುಚ್ಚಿದ್ದವು. 1960ರಲ್ಲಿ ಜನಸಂಖ್ಯೆ 92,107ಕ್ಕೆ ಇಳಿದಿತ್ತು.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಹಳೆಯದನ್ನು ಕೆಡವಿರಿ. ಗಿರಣಿ ಎಂದರೆ ಸೋಲಿನ ಗುರುತು, ಅದು ಕಣ್ಣಿಗೆ ಬೀಳದಿದ್ದರೆ ಸಾಕು ಎಂಬ ಭಾವನೆ ಬೆಳೆದಿತ್ತು. ನಗರ ನವೀಕರಣದ ಹೆಸರಿನಲ್ಲಿ 1960ರ ದಶಕದಲ್ಲಿ ಊರಿನ ಮೊಟ್ಟಮೊದಲ ಗಿರಣಿಯಾದ ಮೆರಿಮ್ಯಾಕ್ ಕಂಪನಿಯ ಕಟ್ಟಡಗಳೂ ಅದರ ಹೆಣ್ಣುಮಕ್ಕಳು ವಾಸಿಸಿದ್ದ ಮನೆಸಾಲುಗಳೂ ನೆಲಸಮವಾದವು. ಕಾಲುವೆಗಳನ್ನೂ ಮುಚ್ಚಿಬಿಡುವ ಮಾತು ನಡೆಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ತೆರವಾದ ಜಾಗಕ್ಕೆ ಕಾದಿದ್ದ ಐಶ್ವರ್ಯ ಓಡಿ ಬರಲಿಲ್ಲ.

ಶಾಲೆಯಿಂದ ಬಂದ ಆಲೋಚನೆ

ಊರನ್ನು ಉಳಿಸುವ ಆಲೋಚನೆ ಹೊಳೆದದ್ದು ವರ್ತಕನಿಗಲ್ಲ, ಶಿಕ್ಷಕನಿಗೆ ಎಂಬುದು ಗಮನಾರ್ಹ. ಲೋವೆಲ್ಲಿನ ಶಿಕ್ಷಣಾಧಿಕಾರಿಯಾಗಿದ್ದ ಪ್ಯಾಟ್ರಿಕ್ ಮೋಗನ್ ಅವರು ಬಡ ಕೇರಿಗಳ ಮಕ್ಕಳನ್ನು ಹತ್ತಿರದಿಂದ ಬಲ್ಲವರು. ತಮ್ಮ ಊರು ನಿಷ್ಪ್ರಯೋಜಕವೆಂದು ಕೇಳುತ್ತಲೇ ಬೆಳೆದ ಮಗು ತನ್ನನ್ನೂ ಹಾಗೆಯೇ ಭಾವಿಸಿಕೊಳ್ಳುತ್ತದೆ ಎಂಬುದನ್ನು ಅವರು ಮನಗಂಡರು. ಕಾಲುವೆ, ಗಿರಣಿ, ಬೀದಿ, ವಲಸೆ ಬಂದವರ ಭಾಷೆ, ಅಡುಗೆ, ಹಾಡು ಇವೆಲ್ಲವೂ ಪಾಠದ ವಸ್ತುವಾಗಬೇಕು, ಇಡೀ ನಗರವೇ ಒಂದು ಶಾಲೆಯಾಗಬೇಕು ಎಂದು ಅವರು ಪ್ರತಿಪಾದಿಸಿದರು. ಅಮೆರಿಕದಲ್ಲಿ ರಾಷ್ಟ್ರೀಯ ಉದ್ಯಾನವೆಂದರೆ ಬೆಟ್ಟ, ಕಾಡು, ಜಲಪಾತ. ಪಾಳುಬಿದ್ದ ಗಿರಣಿಗಳ ಊರನ್ನು ಉದ್ಯಾನವೆಂದು ಘೋಷಿಸಿರೆಂದಾಗ ನಕ್ಕವರೇ ಹೆಚ್ಚು.

ಅದೇ ಊರಿನ ಮಗ, ಗ್ರೀಕ್ ವಲಸೆಗಾರರ ಕುಟುಂಬದ ಪಾಲ್ ಸಾಂಗಸ್ ಅವರು 1974ರಲ್ಲಿ ಸಂಸತ್ತಿಗೆ ಆಯ್ಕೆಯಾಗಿ ಈ ವಿಚಾರವನ್ನು ಕೈಗೆತ್ತಿಕೊಂಡರು. 1978ರ ಜೂನ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಅಂಕಿತದೊಡನೆ ಲೋವೆಲ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಅಸ್ತಿತ್ವಕ್ಕೆ ಬಂದಿತು.

ಈ ಯೋಜನೆಯ ನಡೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸರಕಾರ ಇಡೀ ಪೇಟೆಯನ್ನು ಕೊಂಡುಕೊಳ್ಳಲಿಲ್ಲ. ಕೆಲವೇ ಕಟ್ಟಡಗಳನ್ನು ತಾನಿಟ್ಟುಕೊಂಡು ಮಿಕ್ಕವನ್ನು ಮಾಲೀಕರ ಕೈಯಲ್ಲೇ ಬಿಟ್ಟಿತು. ಅವರಿಗೆ ನೆರವು ನೀಡಲು ಸಂರಕ್ಷಣಾ ಆಯೋಗವೊಂದು 1995ರವರೆಗೆ ಕೆಲಸ ಮಾಡಿತು. ಅಂಗಡಿಯ ಮುಂಭಾಗವನ್ನು ಮೊದಲಿದ್ದಂತೆ ಸರಿಪಡಿಸುವವನಿಗೆ ಸಹಾಯಧನ ದೊರೆಯಿತು. ಊರಿನ ಬ್ಯಾಂಕುಗಳು ತಮ್ಮ ಹಣದಲ್ಲಿ ಒಂದಂಶವನ್ನು ಕೂಡಿಹಾಕಿ ಪೇಟೆಯ ಕಟ್ಟಡಗಳ ದುರಸ್ತಿಗೆ ಕಡಿಮೆ ಬಡ್ಡಿಯ ಸಾಲ ನೀಡಿದವು. ಐತಿಹಾಸಿಕವೆಂದು ಮಾನ್ಯವಾದ ಕಟ್ಟಡವನ್ನು ನಿಯಮದಂತೆ ಜೀರ್ಣೋದ್ಧಾರ ಮಾಡಿ ಬಾಡಿಗೆಗೋ ವ್ಯಾಪಾರಕ್ಕೋ ಬಳಸಿದರೆ, ವೆಚ್ಚದ ಶೇಕಡ 20ರಷ್ಟನ್ನು ಕೇಂದ್ರದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ ಅಲ್ಲಿ ಇಂದಿಗೂ ಇದೆ. ಹೀಗೆ ಕೆಡವುವುದಕ್ಕಿಂತ ಉಳಿಸುವುದೇ ಲಾಭಕರವಾಯಿತು. ಅಭಿಮಾನದ ಮಾತಿಗೆ ಲೆಕ್ಕದ ಪುಸ್ತಕವೂ ಜೊತೆಗೂಡಿದಾಗಲೇ ಕಾರ್ಯ ಕೈಗೂಡಿತು.

ಕಾಲುವೆಗಳಲ್ಲಿ ಪ್ರವಾಸಿಗರ ದೋಣಿಗಳು ಸಾಗಿದವು. ಬೂಟ್ ಎಂಬ ಹೆಸರಿನ ಗಿರಣಿಯಲ್ಲಿ 1992ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿಯ ನೇಯ್ಗೆಯ ಅಂಗಳದಲ್ಲಿ ಹಳೆಯ ಮಗ್ಗಗಳನ್ನು ನಿಜವಾಗಿಯೇ ಓಡಿಸಿ ತೋರಿಸುತ್ತಾರೆ. ಅದರ ಅಬ್ಬರ ಕೇಳಿದವರಿಗೆ ದುಡಿದವರ ಪಾಡು ಏನೆಂಬುದು ಹೇಳದೆಯೇ ತಿಳಿಯುತ್ತದೆ. ಇತರ ಗಿರಣಿಗಳು ಮನೆಗಳಾಗಿ, ಕಚೇರಿಗಳಾಗಿ, ಕಲಾವಿದರ ಕಾರ್ಯಶಾಲೆಗಳಾಗಿ ಮಾರ್ಪಟ್ಟವು. 1990ರಿಂದ ಜಾನಪದ ಉತ್ಸವವೊಂದು ಪೇಟೆಯ ಬೀದಿಗಳಲ್ಲೇ ಟಿಕೆಟ್ಟಿಲ್ಲದೆ ನಡೆಯುತ್ತ ಬಂದಿದೆ.

ಎರಡನೆಯ ಪೆಟ್ಟು

ಆದರೆ ಲೋವೆಲ್ ಒಂದು ಪಾಠವನ್ನು ಎರಡು ಸಲ ಕಲಿಯಬೇಕಾಯಿತು. 1970ರ ದಶಕದಲ್ಲಿ ವಾಂಗ್ ಎಂಬ ಗಣಕಯಂತ್ರ ಕಂಪನಿ ತನ್ನ ಕೇಂದ್ರ ಕಚೇರಿಯನ್ನು ಅಲ್ಲಿಗೆ ತಂದಿತು. ಹೆದ್ದಾರಿಯ ಬಳಿ ಗೋಪುರಗಳೆದ್ದವು, ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ದಾರಿದ್ರ್ಯ ನೀಗಿತೆಂದು ಊರು ನಿಟ್ಟುಸಿರು ಬಿಟ್ಟಿತು. ಗಣಕಯಂತ್ರದ ಜಗತ್ತು ಬದಲಾದಂತೆ ಕಂಪನಿ ಕುಸಿದು 1992ರಲ್ಲಿ ದಿವಾಳಿ ರಕ್ಷಣೆಗೆ ಮೊರೆಹೊಕ್ಕಿತು. ಸುಮಾರು 6 ಕೋಟಿ ಡಾಲರ್ ವೆಚ್ಚದಲ್ಲಿ ಎದ್ದ ಆ ಗೋಪುರಗಳು 1994ರ ಹರಾಜಿನಲ್ಲಿ 5,25,000 ಡಾಲರಿಗೆ ಬಿಕರಿಯಾದವು. ಮನೆಗೆ ಒಂದೇ ಕಂಬವಿದ್ದರೆ, ಆ ಕಂಬ ಮರದ್ದಾದರೇನು, ಉಕ್ಕಿನದಾದರೇನು?

ಈ ಬಾರಿ ಮಾತ್ರ ಪೇಟೆ ಪೂರ್ತಿ ಮಲಗಲಿಲ್ಲ, ಏಕೆಂದರೆ ಅದಕ್ಕೆ ಬೇರೆ ಆಸರೆಗಳು ದೊರೆತಿದ್ದವು. ಪೇಟೆಯಲ್ಲಿ ವಾಂಗ್ ಕಟ್ಟಿಸಿದ್ದ ತರಬೇತಿ ಕೇಂದ್ರ ಒಂದು ಸಮುದಾಯ ಕಾಲೇಜಿನ ಕೈಸೇರಿತು. ನಗರದ ವಿಶ್ವವಿದ್ಯಾಲಯವು 2009ರಲ್ಲಿ ಪೇಟೆಯ ದೊಡ್ಡ ಹೋಟೆಲನ್ನು ಕೊಂಡು ವಿದ್ಯಾರ್ಥಿಗಳಿಗೆ ವಸತಿ ಕಲ್ಪಿಸಿತು, ಮರುವರ್ಷ ಸಾಂಗಸ್ ಅವರ ಹೆಸರಿನ ಕ್ರೀಡಾಂಗಣವನ್ನೂ ವಹಿಸಿಕೊಂಡಿತು. ಸಾವಿರಾರು ಯುವಜನರು ನಡೆದಾಡುವ ಬೀದಿಯಲ್ಲಿ ಚಹದಂಗಡಿಗೂ ಪುಸ್ತಕದಂಗಡಿಗೂ ಗಿರಾಕಿಗಳುಂಟು.

ಇನ್ನೊಂದು ಆಸರೆ ಹೊಸಬರು. ಕಾಂಬೋಡಿಯದ ನರಮೇಧದಿಂದ ಪಾರಾಗಿ ಬಂದ ನಿರಾಶ್ರಿತರು 1980ರ ದಶಕದಲ್ಲಿ ಲೋವೆಲ್ಲಿನ ಅಗ್ಗದ ಮನೆಗಳಲ್ಲಿ ನೆಲೆಸಿದರು. ಇಂದು ಅಮೆರಿಕದಲ್ಲಿ ಕಾಂಬೋಡಿಯದವರು ಹೆಚ್ಚಾಗಿರುವ ನಗರಗಳ ಪೈಕಿ ಇದು ಎರಡನೆಯದು. ಮುಚ್ಚಿದ್ದ ಮಳಿಗೆಗಳಲ್ಲಿ ಅವರ ದಿನಸಿ ಅಂಗಡಿ, ಖಾನಾವಳಿಗಳು ತೆರೆದವು. ಆರಂಭದಲ್ಲಿ ಕಸಿವಿಸಿ, ಮನಸ್ತಾಪಗಳು ಇಲ್ಲದಿರಲಿಲ್ಲ. ಆದರೆ 2022ರ ಜನವರಿಯಲ್ಲಿ ಆ ಸಮುದಾಯದ ಸೊಖಾರಿ ಚಾವ್ ನಗರದ ಮೇಯರ್ ಆದರು. ಅಮೆರಿಕದಲ್ಲೇ ಆ ಮೂಲದ ಮೊದಲ ಮೇಯರ್ ಅವರು. 2020ರ ಜನಗಣತಿಯಲ್ಲಿ ಲೋವೆಲ್ಲಿನ ಜನಸಂಖ್ಯೆ 1,15,554. ಕಳೆದುಕೊಂಡ ಜನಬಲವನ್ನು ಮರಳಿ ಪಡೆಯಲು ಆ ನಗರಕ್ಕೆ ಸರಿಯಾಗಿ ನೂರು ವರ್ಷ ಹಿಡಿಯಿತು.

ಎಲ್ಲವೂ ಸುಖಾಂತವೆಂದು ತಿಳಿಯಬಾರದು. ಅಲ್ಲಿ ಬಡತನ ಅಳಿದಿಲ್ಲ, ಪೇಟೆಯಲ್ಲಿ ಖಾಲಿ ಮಳಿಗೆಗಳೂ ಇವೆ. 1997ರಲ್ಲಿ ಲೋವೆಲ್ಲಿಗೆ ಬಂದ ಜವಳಿ ಇತಿಹಾಸದ ಒಂದು ದೊಡ್ಡ ಸಂಗ್ರಹಾಲಯ ಹಣದ ಅಭಾವದಿಂದ 2016ರಲ್ಲಿ ಮುಚ್ಚಿತು. ನವೀಕೃತ ಗಿರಣಿಮನೆಗಳ ಬಾಡಿಗೆ ಗಿರಣಿ ಕಾರ್ಮಿಕರ ಮೊಮ್ಮಕ್ಕಳಿಗೆ ಎಟುಕುವಂತಿರಬೇಕೆಂಬ ಚಿಂತೆಯೂ ಸಹಜವೇ. ಕೆರೆಯ ಹೂಳೆತ್ತುವ ಕೆಲಸ ಒಂದೇ ಬೇಸಗೆಗೆ ಮುಗಿಯುವುದಿಲ್ಲ. ಪೇಟೆಯ ಜೀರ್ಣೋದ್ಧಾರವೂ ಹಾಗೆಯೇ.

ನಮ್ಮ ಗಮನಕ್ಕೆ

ಅಮೆರಿಕದ ಹಣವೂ ಕಾನೂನೂ ನಮ್ಮಲ್ಲಿಲ್ಲ ಎನ್ನಬಹುದು, ನಿಜ. ಆದರೆ ಲೋವೆಲ್ಲಿನಲ್ಲಿ ಹಣಕ್ಕಿಂತ ಮೊದಲು ಬಂದದ್ದು ದೃಷ್ಟಿ. ತಮ್ಮ ಹಿಂದಿನ ದುಡಿಮೆ ನಾಚಿಕೆಯ ವಿಷಯವಲ್ಲ, ಅದು ಊರಿನ ಆಸ್ತಿ ಎಂಬ ಅರಿವು ಮೂಡುವವರೆಗೆ ಅಲ್ಲಿಯೂ ದೊಣ್ಣೆಯದೇ ಆಳ್ವಿಕೆಯಿತ್ತು.

ನಮ್ಮ ಸಮಾಜದಲ್ಲಿ ಹಳೆಯ ಪೇಟೆಗಳಲ್ಲಿ ಅಂಗಡಿ, ಮಾಳಿಗೆ, ಗೋದಾಮುಗಳನ್ನು ಹೊಂದಿದ ಮನೆತನಗಳು ಅನೇಕ. ಪಾಲುಮಾಡಿಕೊಳ್ಳುವಾಗ ಅವುಗಳನ್ನು ಕೆಡವಿ ನಿವೇಶನವಾಗಿ ಮಾರುವುದು ಸುಲಭವಾದ ದಾರಿ. ಅದಕ್ಕೆ ಮುನ್ನ ಮೇಲ್ಮಾಳಿಗೆಯನ್ನು ದುರಸ್ತಿ ಮಾಡಿ ವಾಸಕ್ಕೆ ಕೊಡಬಹುದೇ, ಖಾಲಿ ಗೋದಾಮು ಒಂದು ತರಬೇತಿ ಶಾಲೆಗೆ ಒದಗಬಹುದೇ ಎಂದು ಕೂಡಿ ಕುಳಿತು ವಿಚಾರಿಸಬೇಕು. ಗಿರಣಿಯಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆನಪುಗಳನ್ನು ಶಾಲೆಯ ಮಕ್ಕಳಿಂದ ಬರೆಯಿಸಿಡುವುದಕ್ಕೆ ಯಾವ ಸರಕಾರದ ಮಂಜೂರಾತಿಯೂ ಬೇಕಿಲ್ಲ. ಮೋಗನ್ ಅವರ ಕಾರ್ಯ ಆರಂಭವಾದದ್ದು ಶಾಲೆಯ ಮಕ್ಕಳಿಂದಲೇ. ಹಿರಿಯರು ಇರುವಾಗಲೇ ನಾವೂ ಅದನ್ನು ಕೈಗೊಳ್ಳಬೇಕು.