ಬೆಲ್ಟೋ ಚೈನೋ: ಹಳೆಯ ಕಾರಿನ ವರ್ಷದ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪಿನ ಹರಾಜಿನ ಹಣ ಕೈಸೇರಿದಾಗ, ಕೃಷ್ಣರಾಜನಗರದ ಕಡೆ ಭತ್ತ ಮಾರಿದಾಗ, ಕೆಲವು ಮನೆಗಳ ಮುಂದೆ ಕಾರೊಂದು ಬಂದು ನಿಲ್ಲುತ್ತದೆ. ಬಹುಮಟ್ಟಿಗೆ ಅದು ಮತ್ತೊಬ್ಬರು ಓಡಿಸಿ ಬಿಟ್ಟದ್ದು. ಕೊಳ್ಳುವವರು ಬಣ್ಣ ನೋಡುತ್ತಾರೆ, ಟೈರು ನೋಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆಯೆಂದು ವಿಚಾರಿಸುತ್ತಾರೆ. ಎಂಜಿನ್ನಿನಲ್ಲಿರುವುದು ಟೈಮಿಂಗ್ ಬೆಲ್ಟೋ ಚೈನೋ ಎಂದು ಕೇಳುವವರು ವಿರಳ. ನಾವೂ ಕೇಳಿರಲಿಲ್ಲ.

ಹಾಗೆ ಕೊಂಡ ಡೀಸೆಲ್ ಕಾರಿನಲ್ಲಿ ಒಮ್ಮೆ ಬಂಧುಗಳ ಮದುವೆಗೆಂದು ಹೊರಟಿದ್ದೆವು. ಹುಣಸೂರು ದಾಟಿ ಪಿರಿಯಾಪಟ್ಟಣದ ಹಾದಿಯಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ನಿಂತಿತು. ಬ್ಯಾಟರಿಯ ದೋಷವಿರಬಹುದೆಂದು ಮತ್ತೆ ಮತ್ತೆ ಚಾಲೂ ಮಾಡಿಸಿದೆವು, ಮಾಡಬಾರದಾಗಿದ್ದುದು ಅದನ್ನೇ. ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗ ಬೆಲ್ಟು ಹರಿದು, ವಾಲ್ವುಗಳು ಬಾಗಿದ್ದವು. “ಬುದ್ಧೀ, ಗಾಡಿ ಓಡಿರೋದು ಕಮ್ಮಿ, ಆದರೆ ಬೆಲ್ಟಿಗೆ ವಯಸ್ಸಾಗೋಗದೆ” ಎಂದ ಆತ. ಬೆಲ್ಟು ಬದಲಿಸಲು ಆಗುತ್ತಿದ್ದ ಖರ್ಚಿನ ಆರೇಳು ಪಟ್ಟು ಹಣವನ್ನು ಅಂದು ತೆತ್ತೆವು. ಮುಹೂರ್ತವೂ ತಪ್ಪಿತು.

ಪಿಸ್ಟನ್ನುಗಳನ್ನು ಹೊತ್ತ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗಬೇಕು. ಈ ಹೊಂದಾಣಿಕೆಯನ್ನು ಕಾಯುವುದೇ ಬೆಲ್ಟಿನ ಅಥವಾ ಚೈನಿನ ಕೆಲಸ. ಅದು ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ, ಡೀಸೆಲ್ಲಿನಲ್ಲಂತೂ ವಿಶೇಷವಾಗಿ, ಮೇಲೇರುವ ಪಿಸ್ಟನ್ ತೆರೆದ ವಾಲ್ವಿಗೆ ಬಡಿಯುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿದ್ದುದು ಚೈನು. 1983ರಲ್ಲಿ ಬಂದ ಮಾರುತಿ 800 ಬೆಲ್ಟಿನದು. 2005ರ ಡೀಸೆಲ್ ಇನ್ನೋವಾಕ್ಕೆ ಬೆಲ್ಟು. 2016ರಲ್ಲಿ ಬಂದ ಕ್ರಿಸ್ಟಾಕ್ಕೆ ಚೈನು. ಹೆಸರು ಒಂದೇ ಎಂದು ನಂಬಿ ಕೂರುವಂತಿಲ್ಲ.

ಬೆಲ್ಟು ರಬ್ಬರಿನದು. ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರಿಗೆ, ಇಲ್ಲವೇ ಐದಾರು ವರ್ಷಕ್ಕೆ, ಯಾವುದು ಮೊದಲೋ ಆಗ ಬದಲಿಸಬೇಕು. ಖಚಿತವಾದ ಅವಧಿ ಆಯಾ ಕಾರಿನ ಪುಸ್ತಕದಲ್ಲಿರುತ್ತದೆ. ನಮ್ಮ ಸೀಮೆಯವರು ಎಡವುವುದು ಇಲ್ಲಿಯೇ. ಮದುವೆ, ಆಸ್ಪತ್ರೆ, ಸುತ್ತೂರು ಜಾತ್ರೆ ಬಿಟ್ಟರೆ ಕಾರು ಬ್ಯಾರನ್ನಿನ ಪಕ್ಕದ ಷೆಡ್ಡಿನಲ್ಲಿರುತ್ತದೆ. ಮೀಟರು ಏರುವುದಿಲ್ಲ, ರಬ್ಬರು ಮಾತ್ರ ಹಳತಾಗುತ್ತಲೇ ಇರುತ್ತದೆ. ಕಡಿಮೆ ಓಡಿದ ಕಾರೆಂದು ಹೆಚ್ಚು ಬೆಲೆ ಕೊಟ್ಟು ತಂದದ್ದರಲ್ಲಿಯೇ ಈ ಅಪಾಯ ಅಡಗಿರಬಹುದು.

ಹಾಗಾದರೆ ಚೈನೇ ಲೇಸೆನ್ನಬಹುದೆ? ಅದು ಎಂಜಿನ್ನಿನಷ್ಟೇ ಕಾಲ ಬಾಳಲೆಂದು ಮಾಡಿದ್ದು, ನಿಜ. ಆದರೆ ಅದಕ್ಕೆ ಎಂಜಿನ್ ಆಯಿಲ್ಲೇ ಅನ್ನ. ಅನೇಕ ಎಂಜಿನ್ನುಗಳಲ್ಲಿ ಚೈನನ್ನು ಬಿಗಿಯಾಗಿಡುವ ಟೆನ್ಷನರಿಗೂ ಆಯಿಲ್ಲಿನ ಒತ್ತಡವೇ ಬಲ. ಕೊಳಕು ಆಯಿಲ್ಲಿನಲ್ಲಿಯೇ ಓಡಿಸಿದರೆ ಚೈನು ಸವೆದು ಸಡಿಲವಾಗುತ್ತದೆ. ಬೆಳಗಿನ ತಣ್ಣನೆಯ ಎಂಜಿನ್ ಚಾಲೂ ಆದೊಡನೆ ಗಲಗಲ ಸದ್ದು ಕೇಳಿದರೆ ಅಸಡ್ಡೆ ಸಲ್ಲದು. ಚೈನು ಬದಲಿಸುವ ಕೆಲಸ ಬೆಲ್ಟಿನದಕ್ಕಿಂತ ದೊಡ್ಡದು, ಕೂಲಿಯೂ ಹೆಚ್ಚು.

ಖರ್ಚನ್ನು ವರ್ಷಗಳಿಗೆ ಹಂಚಿ ನೋಡಿದೆವು. ಬೆಲ್ಟು, ಟೆನ್ಷನರ್, ಕೂಲಿ ಸೇರಿದರೂ ನಮ್ಮ ಕಾರಿಗೆ ವರ್ಷಕ್ಕೆ ಒಂದು ಟೈರಿನ ಬೆಲೆಯಷ್ಟೂ ಆಗಲಿಲ್ಲ. ಚೈನಿನ ಕಾರಿಗೆ ವರ್ಷಕ್ಕೊಮ್ಮೆ ತಪ್ಪದೆ ಆಯಿಲ್ ಬದಲಿಸುವವರಿಗೆ ಅದೂ ಹೊರೆಯಲ್ಲ. ಹಳೆಯ ಕಾರು ಕೊಳ್ಳುವಾಗ ಬೆಲ್ಟು ಬದಲಿಸಿದ ರಸೀತಿ ಕೇಳಿರಿ. ಇಲ್ಲವೆಂದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿದು, ಕಾರನ್ನು ಮನೆಗೆ ತರುವ ಮೊದಲೇ ಬದಲಿಸಿರಿ.

ನಮ್ಮ ಮೆಕ್ಯಾನಿಕ್ ಹೊಸ ಬೆಲ್ಟಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ತಿಂಗಳು, ಇಸವಿ ಬರೆದುಕೊಟ್ಟಿದ್ದಾನೆ. ಜಾತ್ರೆಗೆ ಹೊರಡುವ ಮುನ್ನ ಬಾನೆಟ್ಟು ಎತ್ತಿ ಅದನ್ನೊಮ್ಮೆ ಓದಿಕೊಳ್ಳುತ್ತೇವೆ.