ಎಂಜಿನ್ನಿನ ಹದ ಕಾಯುವ ಥರ್ಮೋಸ್ಟಾಟ್

1489 ಸಿಸಿ ಎಂಜಿನ್ನಿನ ಹಳೆಯ ಅಂಬಾಸಿಡರ್‌ನ ಬಾನೆಟ್ ಎತ್ತಿ ನೋಡಿ. ಸಿಲಿಂಡರ್ ಹೆಡ್ಡಿನ ಮುಂಭಾಗದಲ್ಲಿ ಮೂರು ಸ್ಟಡ್ಡುಗಳಿಗೆ ಬಿಗಿದ ಪುಟ್ಟ ಮುಚ್ಚಳವೊಂದಿದೆ. ಅದರ ಕೆಳಗೆ ಥರ್ಮೋಸ್ಟಾಟ್ ಕೂತಿರಬೇಕು. ಎಷ್ಟೋ ಗಾಡಿಗಳಲ್ಲಿ ಆ ಜಾಗ ಖಾಲಿ. ಯಾವುದೋ ಬೇಸಿಗೆಯಲ್ಲಿ ಗಾಡಿ ಹೀಟಾದಾಗ, ‘ನಮ್ಮ ಬಿಸಿಲಿಗೆ ಇದೆಲ್ಲ ಬೇಡ ಸಾರ್, ತೆಗೆದುಬಿಡೋಣ’ ಎಂದು ಕಿತ್ತು ಬಿಸಾಡಿರುತ್ತಾರೆ. ಮೀಟರಿನ ಮುಳ್ಳು ಇಳಿದರೆ ಮಾಲೀಕರಿಗೂ ಸಮಾಧಾನ. ಕಟ್ಟಿಕೊಂಡ ರೇಡಿಯೇಟರ್, ಸವೆದ ವಾಟರ್ ಪಂಪು ಮಾತ್ರ ಹಾಗೆಯೇ ಉಳಿದಿರುತ್ತವೆ.

ಎಂಜಿನ್ ಬಿಸಿಯಾಗಲೇಬಾರದು ಎಂಬ ನಂಬಿಕೆಯೇ ತಪ್ಪು. ಅದು ಬೇಗ ಬಿಸಿಯಾಗಬೇಕು, ಆ ಹದದಲ್ಲೇ ನಿಲ್ಲಬೇಕು. ತಣ್ಣಗಿನ ಎಂಜಿನ್‌ನಲ್ಲಿ ಪೂರ್ತಿ ಆವಿಯಾಗದ ಪೆಟ್ರೋಲು ಸಿಲಿಂಡರಿನ ಗೋಡೆಗೆ ಹಿಡಿದ ಆಯಿಲನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಒಳಗಿನ ತೇವ ಹಬೆಯಾಗಿ ಹೊರಹೋಗದೆ ಆಯಿಲಿಗೆ ಸೇರುತ್ತದೆ; ಆಯಿಲ್ ತುಂಬುವ ಮುಚ್ಚಳದೊಳಗೆ ಬಿಳಿಯ ಕೆನೆಯಂಥದ್ದು ಮೆತ್ತಿಕೊಳ್ಳುತ್ತದೆ. ರಿಂಗು, ಬೋರು ಸವೆಯುತ್ತವೆ, ಮೈಲೇಜು ಇಳಿಯುತ್ತದೆ. ಮನೆಯಿಂದ ಮಾರ್ಕೆಟ್ಟಿಗಷ್ಟೇ ಹೋಗಿಬರುವ ಗಾಡಿಗೆ ಈ ಪೆಟ್ಟು ಇನ್ನೂ ಜೋರು. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಥರ್ಮೋಸ್ಟಾಟೇ. ಅಂಥಲ್ಲಿ ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತುತ್ತದೆ. ತಣ್ಣಗಾಗಲೆಂದು ಮಾಡಿದ ಕೆಲಸದಿಂದಲೇ ಗಾಡಿ ಹೀಟಾಗುತ್ತದೆ.

ಥರ್ಮೋಸ್ಟಾಟಿಗೆ ವೈರೂ ಇಲ್ಲ, ಕರೆಂಟೂ ಇಲ್ಲ. ಹಿತ್ತಾಳೆಯ ಪುಟ್ಟ ಕುಪ್ಪಿಗೆಯೊಳಗೆ ಮೇಣ. ಸುತ್ತಲಿನ ನೀರು ಕಾದಾಗ ಮೇಣ ಕರಗಿ ಹಿಗ್ಗಿ ಕಡ್ಡಿಯನ್ನು ನೂಕುತ್ತದೆ, ರೇಡಿಯೇಟರಿಗೆ ನೀರು ಬಿಡುವ ವಾಲ್ವ್ ತೆರೆಯುತ್ತದೆ. ನೀರು ಆರಿದರೆ ಸ್ಪ್ರಿಂಗು ಮುಚ್ಚುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಸರ್ಜಿಯಸ್ ವರ್ನೆಟ್ ರೂಪಿಸಿದ ಈ ಉಪಾಯವೇ ಇಂದಿಗೂ ನಡೆದುಬಂದಿದೆ. ಅದಕ್ಕೂ ಮೊದಲಿನವುಗಳಲ್ಲಿ ಬೇಗ ಆವಿಯಾಗುವ ದ್ರವ ತುಂಬಿದ, ತಿದಿಯ ಹಾಗೆ ಹಿಗ್ಗುವ ಹಿತ್ತಾಳೆ ಡಬ್ಬಿ ಇರುತ್ತಿತ್ತು. ಹೆಚ್ಚು ಒತ್ತಡದ ರೇಡಿಯೇಟರ್ ಮುಚ್ಚಳ ಹಾಕಿದರೆ ಅದರ ಲೆಕ್ಕ ತಪ್ಪುತ್ತದೆ. ಬದಲಿಸುವುದಾದರೆ ಮೇಣದ್ದನ್ನೇ ಹಾಕಿ.

ಕೊಳ್ಳುವಾಗ ಸುತ್ತಳತೆಯ ಜೊತೆಗೆ ಅಂಚಿನಲ್ಲೋ ಕುಪ್ಪಿಗೆಯ ತಳದಲ್ಲೋ ಕೆತ್ತಿದ ಅಂಕಿಯನ್ನೂ ನೋಡಬೇಕು. 74, 82, 88 ಸಾಮಾನ್ಯವಾಗಿ ಸಿಗುವಂಥವು. ವಾಲ್ವ್ ತೆರೆಯಲು ಶುರುವಾಗುವ ಸೆಲ್ಸಿಯಸ್ ಡಿಗ್ರಿ ಅದು. ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ನಮ್ಮ ಕಡೆಯ ಹಳೆಯ ಪೆಟ್ರೋಲ್ ಗಾಡಿಗಳಿಗೆ 82 ನನ್ನ ಆಯ್ಕೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿಯದಿದ್ದರೆ ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಹೀಗಾಗಿ ಘಾಟಿ ಹತ್ತುವ ಗಾಡಿಗೆ 88ರದ್ದನ್ನು ಹಾಕಿದರೆ ಕೈಯಲ್ಲಿ ಉಳಿಯುವ ಅಂತರ ತೀರಾ ಕಡಿಮೆ. ಹಾಗೆಂದು 74ರದ್ದು ಹಾಕಿದರೆ ಕಟ್ಟಿಕೊಂಡ ರೇಡಿಯೇಟರಿಗೆ ಶಕ್ತಿಯೇನೂ ಬರುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ತಂದ ಹೊಸದನ್ನೂ ಪರೀಕ್ಷಿಸದೆ ಕೂರಿಸಬೇಡಿ. ವಾಲ್ವಿನ ಸಂದಿಗೆ ದಾರ ಸಿಕ್ಕಿಸಿ, ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ತೂಗುಬಿಡಿ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಸಣ್ಣ ಉರಿಯಲ್ಲಿ ನೀರನ್ನು ತಿರುವುತ್ತ ಕಾಯಿಸಿ. ವಾಲ್ವ್ ಬಾಯಿಬಿಟ್ಟ ಗಳಿಗೆಗೆ ದಾರ ಜಾರಿ ಥರ್ಮೋಸ್ಟಾಟ್ ತಳಕ್ಕೆ ಬೀಳುತ್ತದೆ. ಆಗಿನ ಡಿಗ್ರಿ, ಕೆತ್ತಿದ ಅಂಕಿ ಎರಡೂ ಹತ್ತಿರ ಹತ್ತಿರ ಇರಬೇಕು.

ಎಂಜಿನ್ ಪೂರ್ತಿ ಆರಿದ ಮೇಲೆಯೇ ನೀರು ಇಳಿಸಿ ಮುಚ್ಚಳಕ್ಕೆ ಕೈಹಾಕಬೇಕು. ಹಳೆಯ ಗಾಡಿಯಲ್ಲಿ ಕಷ್ಟವಿರುವುದು ಇಲ್ಲಿಯೇ. ಸ್ಟಡ್ಡುಗಳು ತುಕ್ಕು ಹಿಡಿದು ಮುಚ್ಚಳವನ್ನು ಕಚ್ಚಿಕೊಂಡಿರುತ್ತವೆ. ಅವಸರದಲ್ಲಿ ಮೀಟಿದರೆ ಸ್ಟಡ್ಡು ಮುರಿದು ಹೆಡ್ಡಿನಲ್ಲೇ ಉಳಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಮರದ ಸುತ್ತಿಗೆಯಿಂದ ಸುತ್ತಲೂ ಹಗುರಾಗಿ ತಟ್ಟುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ. ಹಳೆಯ ಪ್ಯಾಕಿಂಗನ್ನು ಚೂರೂ ಉಳಿಯದಂತೆ ಕೆರೆದು, ಮೇಣದ ಕುಪ್ಪಿಗೆ ಎಂಜಿನ್ನಿನ ಕಡೆಗೆ ಬರುವಂತೆ ಥರ್ಮೋಸ್ಟಾಟನ್ನು ಕೂರಿಸಿ. ಅಂಚಿನಲ್ಲಿ ಅಲುಗಾಡುವ ಪುಟ್ಟ ಪಿನ್ನು ಗಾಳಿ ಹೊರಹೋಗುವ ದಾರಿ. ಥರ್ಮೋಸ್ಟಾಟ್ ನೆಟ್ಟಗೆ ಕೂರುವ ಗಾಡಿಗಳಲ್ಲಿ ಅದು ಮೇಲುಗಡೆ ಇರಲಿ, ಇಲ್ಲವಾದರೆ ಏರ್ ಲಾಕ್ ಆಗುತ್ತದೆ. ಹೊಸ ಪ್ಯಾಕಿಂಗ್ ಇಟ್ಟು ಮೂರೂ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಂತೆ ಬಿಗಿಯಬೇಕು.

ಕೂಲೆಂಟ್ ತುಂಬಿ ಎಂಜಿನ್ ಓಡುತ್ತಿರಲಿ, ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡಿ. ಮೊದಲು ಹೆಚ್ಚೇನೂ ಬಿಸಿ ಇರದ ಹೋಸು ವಾಲ್ವ್ ತೆರೆಯುತ್ತಲೇ ಬೇಗಬೇಗ ಕಾದುಬಿಡುತ್ತದೆ. ಗಾಡಿ ಆರಿದ ಮೇಲೆ ಕೂಲೆಂಟ್ ಮಟ್ಟ ಇಳಿದಿದ್ದರೆ ಮತ್ತೆ ತುಂಬಿ. ಇಷ್ಟಾದ ಮೇಲೂ ಹೀಟಾಗುತ್ತಿದ್ದರೆ ಮುಂದೆ ಬಿಚ್ಚಬೇಕಾದ್ದು ರೇಡಿಯೇಟರನ್ನು.